ಠಕ್ಕನಿಂದ ಥಗ್‌ವರೆಗೆ

ಮಾನ್ವಿಯ ಸಂತೆಯಲ್ಲಿ ತೂಕ ಹೊಡೆದ ವ್ಯಾಪಾರಿಯನ್ನು ‘ಠಕ್ಕ’ ಎಂದು ಬೈದರೆ ಅವನು ಜಗಳಕ್ಕೆ ನಿಂತಾನು. ತನ್ನ ಮೇಲೆ ಕೊಲೆಯ ಆರೋಪ ಬಂತೆಂದು ಹೌಹಾರಲಾರ. ಕನ್ನಡದಲ್ಲಿ ಠಕ್ಕ ಎಂದರೆ ಮೋಸಗಾರ, ನಂಬಿಸಿ ಕೈಕೊಡುವವನು. ಆದರೆ ಇದೇ ಬಳಗದ ಮಾತು ಇಂಗ್ಲಿಷಿಗೆ ಹೋಗಿ ‘ಥಗ್’ ಆದಾಗ ಹೊಡೆದು ಬಡಿದು ಬದುಕುವ ಪಾತಕಿಯ ಹೆಸರಾಯಿತು. ಮೋಸ ಕಳಚಿಬಿತ್ತು, ಹಿಂಸೆ ಉಳಿಯಿತು. ಈ ಬದಲಾವಣೆ ತಾನಾಗಿ ಆದದ್ದಲ್ಲ. ಕಂಪನಿ ಸರ್ಕಾರದ ಕಡತ, ಒಂದು ಕಾನೂನು ಮತ್ತು ಒಂದು ಕಾದಂಬರಿ ಸೇರಿ ಮಾಡಿದ ಕೆಲಸವಿದು. ಆ ಕಾದಂಬರಿ ಬರೆದವನು ರಾಯಚೂರು ಸೀಮೆಯ ನೆರೆಯಲ್ಲೇ ಹನ್ನೆರಡು ವರ್ಷ ಆಡಳಿತ ನಡೆಸಿದ.

ತಂತಿ ಕಳ್ಳರು

ಮರೆಮಾಚು ಎಂಬ ಅರ್ಥದ ಸಂಸ್ಕೃತದ ‘ಸ್ಥಗ್’ ಧಾತು ಪ್ರಾಕೃತವನ್ನು ಹಾದು ಹಿಂದಿ, ಮರಾಠಿಗಳಲ್ಲಿ ‘ಠಗ್’ ಆಯಿತು, ನಮ್ಮಲ್ಲಿ ‘ಠಕ್ಕ’ ಆಯಿತು. ದಾರಿಹೋಕರನ್ನು ಕೊಂದು ದೋಚುವ ಗುಂಪುಗಳಿಗೆ ದಕ್ಷಿಣದಲ್ಲಿ ಬೇರೆ ಹೆಸರುಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪದರಲ್ಲೇ ಬೆಂಗಳೂರಿನ ಆಸುಪಾಸಿನಲ್ಲಿ ಇಂಥ ಸುಮಾರು ನೂರು ಮಂದಿ ಸೆರೆ ಸಿಕ್ಕರು. ಕಂಪನಿಯ ಅಧಿಕಾರಿಗಳು ಇಂಥವರನ್ನು ‘ಫಾಂಸಿಗಾರರು’ ಎಂದರು. ಮದ್ರಾಸಿನಲ್ಲಿದ್ದ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡದ ಹೆಸರನ್ನೂ ದಾಖಲಿಸಿದ: ತಂತಿ ಕಳ್ಳರು. ತಂತಿಯ ಅಥವಾ ಕರುಳಿನ ಹುರಿಯ ಕುಣಿಕೆ ಹಾಕುವವರು ಎಂದು ಅದರ ಅರ್ಥ.

ಇವರ ಕೆಲಸದ ಬಗೆ ಸೆರೆಸಿಕ್ಕವರ ಹೇಳಿಕೆಗಳಿಂದ ತಿಳಿಯುತ್ತದೆ. ಗುಂಪಿನವರು ಸಾಧು ವ್ಯಾಪಾರಿಗಳಂತೆ ಬಂದು ಪ್ರಯಾಣಿಕರ ಜೊತೆಗೂಡುತ್ತಿದ್ದರು. ಒಟ್ಟಿಗೆ ನಡೆದು, ಒಟ್ಟಿಗೆ ಉಂಡು, ಕೆಲವೊಮ್ಮೆ ದಿನಗಟ್ಟಲೆ ವಿಶ್ವಾಸ ಗಳಿಸುತ್ತಿದ್ದರು. ಪುಸಲಾಯಿಸುವವನು ಒಬ್ಬ, ಕೈ ಹಿಡಿಯುವವನು ಒಬ್ಬ, ಕುತ್ತಿಗೆಗೆ ರುಮಾಲು ಬಿಗಿಯುವವನು ಮತ್ತೊಬ್ಬ. ಗುಂಡಿ ತೋಡುವವರು ಬೇರೆಯೇ ಇದ್ದರು. ತಂಬಾಕು ತಾ ಎಂಬಂಥ ಸಾದಾ ಮಾತೇ ಕೊಲೆಯ ಸಂಜ್ಞೆ. ರಜೆಯ ಮೇಲೆ ಸಂಬಳ ಕಟ್ಟಿಕೊಂಡು ಊರಿಗೆ ಹೊರಟ ಸಿಪಾಯಿಗಳು, ಹಣ ಸಾಗಿಸುವವರು ಹೆಚ್ಚಾಗಿ ಬಲಿಯಾದರು. ನಂಬಿಸುವ ಈ ಹಂತವೇ ಇವರಿಗೆ ಠಗ್ ಎಂಬ ಹೆಸರು ತಂದದ್ದು.

ವ್ಯಾಖ್ಯೆಯಿಲ್ಲದ ಕಾನೂನು

1830ರ ದಶಕದಲ್ಲಿ ಜಬಲ್ಪುರದ ಕಡೆಯ ಅಧಿಕಾರಿ ವಿಲಿಯಂ ಸ್ಲೀಮನ್ ಠಗ್ಗರ ವಿರುದ್ಧ ದೊಡ್ಡ ಕಾರ್ಯಾಚರಣೆ ನಡೆಸಿದ. ಅವನ ಮುಖ್ಯ ಆಯುಧ ಮಾಫಿ ಸಾಕ್ಷಿಗಳು. ಒಬ್ಬ ಹತ್ತು ಮಂದಿಯನ್ನು ತೋರಿಸುತ್ತಿದ್ದ. 1836ರಲ್ಲಿ ಬಂದ 30ನೇ ಕಾಯ್ದೆಯ ಪ್ರಕಾರ ಯಾವುದೇ ಠಗ್ಗರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಸಜೆ. ಯಾರನ್ನು, ಎಂದು, ಎಲ್ಲಿ ಕೊಂದನೆಂದು ತೋರಿಸಬೇಕಿರಲಿಲ್ಲ. ಆ ಗುಂಪು ಕಂಪನಿಯ ಸೀಮೆಯ ಒಳಗಿದ್ದರೂ ಹೊರಗಿದ್ದರೂ ಕಾಯ್ದೆ ಅನ್ವಯವಾಗುತ್ತಿತ್ತು. ಆಗ ನಿಜಾಮನ ಕೈಯಲ್ಲಿದ್ದ ರಾಯಚೂರು, ದೇವದುರ್ಗ, ಮಾನ್ವಿಗಳೂ ಹೀಗೆ ಅದರ ನೆರಳಿಗೆ ಬಂದವು. ಠಗ್ ಎಂದರೆ ಯಾರು ಎಂದು ಮಾತ್ರ ಕಾಯ್ದೆ ಹೇಳಲಿಲ್ಲ. ಅಂಥ ಗುಂಪುಗಳು ಇದ್ದುದು ನಿಜ. ಆದರೆ ದೇಶವಿಡೀ ಹಬ್ಬಿದ, ಕಾಳಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಗುಪ್ತ ಪಂಥ ಎಂಬ ಚಿತ್ರವನ್ನು ಕಿಮ್ ವ್ಯಾಗ್ನರ್ ಅವರಂಥ ಇತಿಹಾಸಕಾರರು ಒಪ್ಪುವುದಿಲ್ಲ.

ವ್ಯಾಖ್ಯೆ ಬಂದದ್ದು 1860ರ ಭಾರತ ದಂಡ ಸಂಹಿತೆಯ 310ನೇ ಕಲಮಿನಲ್ಲಿ. ಕೊಲೆ ಮಾಡಿ ಸುಲಿಗೆ ಅಥವಾ ಮಕ್ಕಳ ಕಳವು ನಡೆಸಲೆಂದು ರೂಢಿಯಾಗಿ ಇತರರೊಡನೆ ಕೂಡಿದವನು ಠಗ್ ಎಂದು ಅದು ಹೇಳಿತು. ಹೈದರಾಬಾದ್ ಸಂಸ್ಥಾನಕ್ಕೆ ಬೇರೆ ಕಾನೂನು ಇದ್ದುದರಿಂದ ಈ ಕಲಮು ರಾಯಚೂರಿಗೆ ಬಂದದ್ದು 1951ರಲ್ಲಿ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ಅದನ್ನು ಕೈಬಿಡಲಾಯಿತು.

ಕೃಷ್ಣೆಯ ಆಚೆಯ ಕಾದಂಬರಿಕಾರ

ದೇವದುರ್ಗದ ಕಡೆಯಿಂದ ತಿಂಥಣಿ ಸೇತುವೆ ದಾಟಿದರೆ ಸುರಪುರ ಸೀಮೆ. ಅಲ್ಲಿನ ಗುಡ್ಡದ ಮೇಲೆ ಆ ಕಾದಂಬರಿಕಾರನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಇದೆ. ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮನ ಸೇವೆ ಸೇರಿದ ಫಿಲಿಪ್ ಮೆಡೋಸ್ ಟೇಲರ್ ಠಗ್ಗರ ಹೇಳಿಕೆಗಳನ್ನು ಸ್ವತಃ ಬರೆದುಕೊಂಡವನು. ಅವುಗಳನ್ನು ಆಧರಿಸಿ 1839ರಲ್ಲಿ ಅವನು ಪ್ರಕಟಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಲ್ಲಿ ಅಮೀರ್ ಅಲಿ ಎಂಬ ಠಗ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಲಂಡನ್ನಿನ ಓದುಗರು ಅದಕ್ಕೆ ಮುಗಿಬಿದ್ದರು. ಎರಡು ವರ್ಷದ ಬಳಿಕ, 1841ರಲ್ಲಿ, ಟೇಲರ್ ಸುರಪುರಕ್ಕೆ ಬಂದು ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಉಸ್ತುವಾರಿ ನೋಡಿದ. ಬೆಳೆದ ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ.

ಕಾದಂಬರಿ ಬಂದ ವರ್ಷದ ಕೊನೆಯಲ್ಲೇ ಬ್ರಿಟನ್ನಿನ ಲೇಖಕ ಥಾಮಸ್ ಕಾರ್ಲೈಲ್ ತನ್ನ ‘ಚಾರ್ಟಿಸಂ’ ಪುಸ್ತಕದಲ್ಲಿ ಗ್ಲಾಸ್ಗೋದ ಕಾರ್ಮಿಕರ ಹಿಂಸಾಚಾರಕ್ಕೆ ಥಗ್ಗರ ಹೆಸರನ್ನು ಅಂಟಿಸಿದ. ಅಲ್ಲಿ ರುಮಾಲೂ ಇರಲಿಲ್ಲ, ದಾರಿಯ ಗೆಳೆತನವೂ ಇರಲಿಲ್ಲ. ಮೇಲಿನವರಿಗೆ ಭಯ ಹುಟ್ಟಿಸುವ ಕೆಳಗಿನವರು ಎಂಬುದಷ್ಟೇ ಸಾಕಾಯಿತು. ಅಮೆರಿಕದಲ್ಲಿ ಈ ಬೈಗುಳ ಕರಿಯ ಯುವಕರ ಮೇಲೆ ಬಿತ್ತು. 1990ರ ದಶಕದಲ್ಲಿ ರ‍್ಯಾಪ್ ಗಾಯಕ ಟುಪಾಕ್ ಶಕೂರ್ ಅದನ್ನೇ ಎದೆಯುಬ್ಬಿಸಿ ಹೇಳಿಕೊಂಡ.

ಹೋದದ್ದು ಮತ್ತು ಬಂದದ್ದು

ಇಲ್ಲಿ ಠಗ್ಗರ ಕಾಲ ಮುಗಿಸಿದ್ದು ಸ್ಲೀಮನ್ ಒಬ್ಬನೇ ಅಲ್ಲ. 1871ರಲ್ಲಿ ಮುಂಬಯಿಯಿಂದ ಬಂದ ಹಳಿ ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲಿ ಕೂಡಿತು. ಹಣವಿದ್ದ ಪ್ರಯಾಣಿಕ ಕಾಲುದಾರಿ ಬಿಟ್ಟು ರೈಲು ಹತ್ತಿದ. ಅದೇ ವರ್ಷ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಮಾಡಿದ್ದನ್ನು ನೋಡದೆ ಸೇರಿದ ಗುಂಪನ್ನು ನೋಡುವ 1836ರ ವಿಚಾರವನ್ನು ಹುಟ್ಟಿನವರೆಗೆ ಎಳೆಯಿತು.

ಈಗ ಮೊಬೈಲಿನ ರೀಲುಗಳ ಮೂಲಕ ‘ಥಗ್ ಲೈಫ್’ ಮರಳಿ ಬಂದಿದೆ. ಠಕಾರ ಬಿಟ್ಟು ಥಕಾರ ಹೊತ್ತಿರುವ ಅದು ಠಕ್ಕನ ನೆಂಟನೆಂದು ಹುಡುಗರಿಗೆ ಗುರುತು ಸಿಗುವುದಿಲ್ಲ. ಎದುರು ದಿಕ್ಕಿನಿಂದ ಅಮೆರಿಕದ ‘ರೌಡಿ’ ಬಂದು ನಮ್ಮ ಪೊಲೀಸ್ ಠಾಣೆಗಳಲ್ಲಿ ನೆಲೆಯಾಗಿದೆ. ರೌಡಿ ಶೀಟ್ ನ್ಯಾಯಾಲಯದ ತೀರ್ಪಲ್ಲ, ಪೊಲೀಸರು ನಿಗಾ ಇಡಲು ತೆರೆಯುವ ಕಡತ. ಆದರೂ ಪತ್ರಿಕೆಯಲ್ಲಿ ‘ರೌಡಿ ಶೀಟರ್’ ಎಂದು ಅಚ್ಚಾದರೆ ಓದುವವರು ಅಪರಾಧ ಸಾಬೀತಾಯಿತೆಂದೇ ಭಾವಿಸುತ್ತಾರೆ. ಇಂಥ ಹೆಸರು ಕಂಡಾಗ ಅದನ್ನು ಇಟ್ಟವರು ಯಾರು, ಯಾವ ಕೃತ್ಯಕ್ಕಾಗಿ ಇಟ್ಟರು ಎಂದು ಕೇಳುವುದು ಠಗ್ಗರ ಚರಿತ್ರೆ ಓದಿದವರು ಕಲಿಯಬೇಕಾದ ರೂಢಿ.