ಕಡಲಿನ ಲೆಕ್ಕಕ್ಕೆ ಸಿಗದ ರೋಣದ ಹುಡುಗ

ಜೂನ್ ಮೊದಲ ವಾರ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಮಲ್ಪೆ ಬಂದರಿನಿಂದ ಬಂದ ಹುಡುಗನೊಬ್ಬ ಸಿಕ್ಕ. ರೋಣ ತಾಲೂಕಿನವ, ಮೀನುಗಾರಿಕೆ ಬೋಟಿನಲ್ಲಿ ಕಲಾಸಿ, ಅಂದರೆ ದುಡಿಯುವ ಆಳು. ಹಗ್ಗ ಎಳೆದೆಳೆದು ಅವನ ಬೆರಳ ಸಂದಿಯ ಚರ್ಮ ಬಿರಿದಿತ್ತು, ಉಪ್ಪುನೀರಿಗೆ ಬೆಳ್ಳಗಾಗಿತ್ತು.

‘ಸಮುದ್ರಕ್ಕ ಬಾಗಲಾ ಹಾಕ್ಯಾರ್ರಿ ಕಾಕಾ. ಇನ್ನ ಎರಡ ತಿಂಗಳ ಹೆಸರಿನ ಹೊಲಾನ ಗತಿ’ ಅಂದ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ನಮ್ಮ ಕರಾವಳಿಯಲ್ಲಿ ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ನಿಷೇಧ ಬೇಕೇ ಬೇಕು. 1947ರಲ್ಲಿ ಹುಟ್ಟಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದರು ಬಂದರಿಗೆ ಹೋಗಿ ಬಂಗುಡೆ ಎಷ್ಟು, ಬೂತಾಯಿ ಎಷ್ಟು ಎಂದು ಲೆಕ್ಕ ಇಡುತ್ತಾರೆ. ಆ ಲೆಕ್ಕವಿಲ್ಲದೆ ಕಡಲನ್ನು ಕಾಯಲಾಗದು.

ಆದರೆ ಮನುಷ್ಯರ ಲೆಕ್ಕ? ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಉಳಿದದ್ದರಲ್ಲಿ ಈ ಹುಡುಗನಿಗೆ ಪಾಲು. ಬೂತಾಯಿ ಬಾರದ ವರ್ಷ ಪಾಲೂ ಇಲ್ಲ, ಬೋಟಿನ ಮಾಲೀಕರಿಂದ ಪಡೆದ ಮುಂಗಡ ಸಾಲವಾಗಿ ಉಳಿಯುತ್ತದೆ. ಇದನ್ನು ತಿಳಿಯಲು ಬಲೆ ಬೇಕಿಲ್ಲ. ವರ್ಷವಿಡೀ ಅವನ ಜೊತೆ ಕೂತು ಜಮಾಖರ್ಚು ಬರೆಯುವವರು ಬೇಕು, ಅವರಿಗೆ ಸಂಬಳ ಬೇಕು. 1970ರ ದಶಕದಲ್ಲಿ ಯಾಂತ್ರಿಕ ಬೋಟಿನ ಪರ್ಸಿನ್ ಬಲೆ ಬಂದು, ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದವರ ಕೆಲಸ ಹೋಯಿತು. ಯಾರ ಒಲೆ ಆರುತ್ತದೆ ಎಂಬುದನ್ನು ಮೊದಲೇ ಕೇಳಬೇಕಿತ್ತು.

ಹೀಗೆ ಕೇಳದೆ ಹೋದರೆ ಏನಾಗುತ್ತದೆಂದು ನಮ್ಮ ನೆಲಕ್ಕೆ ಗೊತ್ತು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಸರ್ಕಾರ ಅಭಿವೃದ್ಧಿ ಕರ ಹಾಕಿತು. ಹೊಲ ಏನು ಕೊಟ್ಟಿದೆ, ರೈತನ ಕೈಯಲ್ಲಿ ಏನು ಉಳಿದಿದೆ ಎಂದು ನೋಡಲಿಲ್ಲ. 1980ರ ಜುಲೈ 21ರಂದು ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದದಲ್ಲಿ ಗೋಲಿಬಾರ್ ಆಯಿತು, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಕೊಟ್ಟರು. ಪ್ರತಿವರ್ಷ ಅದೇ ದಿನ ಅವರ ವೀರಗಲ್ಲಿಗೆ ಹಾರ ಹಾಕುತ್ತೇವೆ. ಆ ಹೊತ್ತಿಗೆ ಮಲ್ಪೆಯ ಬೋಟುಗಳು ದಕ್ಕೆಯಲ್ಲೇ ಕಟ್ಟಿರುತ್ತವೆ, ನಮ್ಮ ಹುಡುಗ ಇಲ್ಲೇ ಕಳೆ ತೆಗೆಯುತ್ತಿರುತ್ತಾನೆ.

ಮೀನಿನ ಲೆಕ್ಕ ಇಡುವ ಆ ಸಂಸ್ಥೆಯೇ 2005, 2010, 2016ರಲ್ಲಿ ಕರಾವಳಿಯ ಮೀನುಗಾರ ಊರುಗಳಲ್ಲಿ ಮನೆ ಮನೆಗೆ ಹೋಗಿ ಗಣತಿ ಮಾಡಿತು. ದೊಡ್ಡ ಕೆಲಸ ಅದು. ಆದರೆ ಬೋಟಿನಲ್ಲೇ ಮಲಗುವವನ ಮನೆ ಕಡಲಿನಿಂದ ಬಹುದೂರ, ಎರೆಹೊಲಗಳ ನಡುವೆ ಇದೆ. ನಿಷೇಧ ಕಾಲದ ಪರಿಹಾರ ಎಷ್ಟು, ಯಾರಿಗೆ ಎಂದು ತೀರ್ಮಾನಿಸುವವರು ಈ ಮನೆಯನ್ನೂ ನೋಡಬೇಕು.

ಮೀನುಗಾರಿಕೆಗೆ ಹಣ ತೆಗೆದಿಡುವ ಸರ್ಕಾರಗಳಲ್ಲಿ ನನ್ನದೊಂದು ಬೇಡಿಕೆ: ಜೆಟ್ಟಿ ಮತ್ತು ಡೀಸೆಲ್ ಸಬ್ಸಿಡಿಯ ಪಕ್ಕದಲ್ಲಿ ಕಲಾಸಿಗಳ ಜಮಾಖರ್ಚಿನ ಅಧ್ಯಯನಕ್ಕೂ ವರ್ಷವರ್ಷ ಹಣ ಇಡಿ. ಅಧ್ಯಯನಕಾರರನ್ನು ಜೂನ್ ತಿಂಗಳಲ್ಲಿ ರೋಣಕ್ಕೆ ಕಳಿಸಿ. ಹುಡುಗರು ಊರಲ್ಲೇ ಸಿಗುತ್ತಾರೆ.