ದಿಮ್ಮಿ ಮಾರುವವರು, ಹಲಗೆ ಮಾರುವವರು

ಶಿರಹಟ್ಟಿ ಸೀಮೆಗೆ ಬೆನ್ನಾಗಿ ನಿಂತ ಕಪ್ಪತಗುಡ್ಡದಲ್ಲಿ ಔಷಧಿ ಸಸ್ಯಗಳಿಗೆ ಬರವಿಲ್ಲ, ಗಾಳಿಯಂತ್ರಗಳಿಗೂ ಬರವಿಲ್ಲ. ತೊಲೆ ಸೀಳುವಂಥ ಮರ ಮಾತ್ರ ಅಪರೂಪ. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾದ ಮೇಲೆ ಕೊಡಲಿಯ ಮಾತೇ ಇಲ್ಲ. ಬೇವು, ಜಾಲಿ ಬಿಟ್ಟರೆ ಇಲ್ಲಿನ ಬಡಿಗೇರರಿಗೆ ಹೊರಗಿನ ಮರವೇ ಗತಿ. ಸಾಗವಾನಿ ಬೇಕೆಂದರೆ ದಾಂಡೇಲಿ ಕಡೆಗೆ ಮುಖ ಮಾಡಬೇಕು, ಜೇಬನ್ನೂ ಮುಟ್ಟಿ ನೋಡಿಕೊಳ್ಳಬೇಕು.

ಇನ್ನೊಂದು ಮರ ಸದ್ದಿಲ್ಲದೆ ಬರುತ್ತದೆ. ಯಂತ್ರಗಳನ್ನು ತುಂಬಿದ ಪೆಟ್ಟಿಗೆಯಾಗಿ, ಸೆಂಟ್ರಿಂಗ್ ಹಲಗೆಯಾಗಿ ದೇಶದ ಹಲವು ಊರುಗಳನ್ನು ಮುಟ್ಟುವ ಬಿಳಿ ಪೈನ್ ಅದು. ದಕ್ಷಿಣ ಭಾರತದ ಕಾಡಿನಲ್ಲಿ ಸಹಜವಾಗಿ ಬೆಳೆಯುವ, ಪೈನ್‌ನಂಥ ಶಂಕುಧಾರಿ ಮರ ಒಂದೇ ಜಾತಿಯದು. ಅದು ವ್ಯಾಪಾರಕ್ಕೆ ಒದಗುವಷ್ಟಿಲ್ಲ. ಹಾಗಾಗಿ ಈ ಮೆದು ಮರ ಹೆಚ್ಚಾಗಿ ಕಡಲು ದಾಟಿಯೇ ಬರುತ್ತದೆ.

ಜಗತ್ತಿನ ಮೆದು ಮರದ ಸಂತೆಯಲ್ಲಿ ಎರಡು ದೇಶಗಳನ್ನು ಜೋಡಿಯಾಗಿ ನೋಡಬಹುದು: ಕೆನಡಾ ಮತ್ತು ನ್ಯೂಜಿಲೆಂಡ್. ರಫ್ತಿನ ಒಟ್ಟು ಮೌಲ್ಯವನ್ನಷ್ಟೇ ಇಟ್ಟರೆ ಕೆನಡಾ ಬಹಳ ಮುಂದಿದೆ. ಆದರೆ ಅದು ಮಾರುವುದು ಕೊಯ್ದ ಹಲಗೆ. ಬಹುಪಾಲಿನ ಗಿರಾಕಿ ಪಕ್ಕದ ಅಮೆರಿಕ. ನ್ಯೂಜಿಲೆಂಡ್ ತಾನು ಕಡಿದದ್ದರ ಅರ್ಧಕ್ಕಿಂತ ಹೆಚ್ಚನ್ನು ದುಂಡು ದಿಮ್ಮಿಯಾಗಿಯೇ ಹಡಗಿಗೆ ಏರಿಸುತ್ತದೆ. ಅದರಲ್ಲಿ ಹೆಚ್ಚಿನದು ಚೀನಾಕ್ಕೆ. ಶೇಂಗಾ ಕಾಯಿಯ ದರವನ್ನೂ ಎಣ್ಣೆಯ ದರವನ್ನೂ ಒಂದೇ ತಕ್ಕಡಿಗೆ ಹಾಕಿದಂತಾಯಿತು ಈ ಹೋಲಿಕೆ.

ಕಾಲಕ್ರಮದಲ್ಲಿ ನೋಡಿದರೆ ಕಥೆಗೆ ರುಚಿ ಬರುತ್ತದೆ. ಕೋವಿಡ್‌ಗೆ ಮುನ್ನ ಅಮೆರಿಕದ ಪೇಟೆಯಲ್ಲಿ ಸಾವಿರ ಬೋರ್ಡ್ ಫೂಟ್ (ಮರ ಅಳೆಯುವ ಮಾನ) ಹಲಗೆಗೆ 400 ಡಾಲರ್ ಆಸುಪಾಸು ಇತ್ತು. 2021ರ ಮೇ ತಿಂಗಳಲ್ಲಿ ಅದು 1,600 ದಾಟಿತು. ಮುಂದಿನ ವರ್ಷದ ಕೊನೆಗೆ ಮತ್ತೆ 400ರ ಹತ್ತಿರಕ್ಕೆ ಬಂದು ಕೂತಿತು. ದರ ಏರಿದ ಹೊತ್ತಿನಲ್ಲಿ ಕೆನಡಾದ ರಫ್ತು ಮೌಲ್ಯ ಜಿಗಿದದ್ದು ಕಾಡು ಹೆಚ್ಚಾಗಿ ಅಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಪೈನ್ ದುಂಬಿ ಈ ಶತಮಾನದ ಆರಂಭದಿಂದಲೇ ಕೊಯ್ಯಲು ಬರುತ್ತಿದ್ದ ಪೈನ್ ಮರಗಳಲ್ಲಿ ಅರ್ಧದಷ್ಟನ್ನು ಕೊಂದಿತ್ತು. ಮಾಲು ಕಡಿಮೆ, ದುಡ್ಡು ಜಾಸ್ತಿ!

ನ್ಯೂಜಿಲೆಂಡಿನ ರಫ್ತಿನ ಏರಿಕೆಗೆ ಬೇರು 1990ರ ದಶಕದಲ್ಲಿದೆ. 1994 ಒಂದೇ ವರ್ಷದಲ್ಲಿ ಅಲ್ಲಿ ಒಂದು ಲಕ್ಷ ಹೆಕ್ಟೇರಿನ ಹತ್ತಿರ ಸಸಿ ನೆಟ್ಟರು. ಕ್ಯಾಲಿಫೋರ್ನಿಯಾ ಮೂಲದ ರೇಡಿಯೇಟಾ ಪೈನ್ ಅಲ್ಲಿ 28 ವರ್ಷದ ಸುಮಾರಿಗೆ ಕಡಿತಕ್ಕೆ ಬರುತ್ತದೆ. ಲೆಕ್ಕ ಹಾಕಿ, ಕಡಿತದ ಕಾಲ 2020ರ ಆಚೀಚೆ ಬಂದು ನಿಲ್ಲುತ್ತದೆ. ಆದರೆ ಬೆಳೆ ಬಂದಾಗ ಗಿರಾಕಿಯೇ ಕುಸಿದ. ಚೀನಾದಲ್ಲಿ ಮನೆ ಕಟ್ಟುವ ಉದ್ಯಮ ಮಲಗಿತು. 2022ರ ಜೂನ್‌ಗೆ ಮುಗಿದ ವರ್ಷದಲ್ಲಿ ಸುಮಾರು 660 ಕೋಟಿ ನ್ಯೂಜಿಲೆಂಡ್ ಡಾಲರ್ ಇದ್ದ ಒಟ್ಟು ಅರಣ್ಯೋತ್ಪನ್ನ ರಫ್ತು, ಎರಡು ವರ್ಷದಲ್ಲಿ 580 ಕೋಟಿಯ ಆಸುಪಾಸಿಗೆ ಇಳಿಯಿತು.

ಭಾರತದ ಪಾಲಿನದು ವಿಷದ ಹೊಗೆಯ ಪ್ರಸಂಗ. ಗುಜರಾತಿನ ಕಾಂಡ್ಲಾಕ್ಕೆ ಬರುವ ದಿಮ್ಮಿಗಳಿಗೆ ಹುಳ ಕೊಲ್ಲಲು ಮಿಥೈಲ್ ಬ್ರೋಮೈಡ್ ಹೊಗೆ ಕೊಟ್ಟಿರಬೇಕೆಂಬುದು ನಮ್ಮ ನಿಯಮವಾಗಿತ್ತು. ಓಜೋನ್ ಪದರಕ್ಕೆ ಕೇಡೆಂದು 2023ರ ಆರಂಭದಿಂದ ಹಡಗಿನ ಒಡಲಿನಲ್ಲಿ ಅದರ ಬಳಕೆಯನ್ನು ನ್ಯೂಜಿಲೆಂಡ್ ಬಿಟ್ಟಿತು. ದಿಮ್ಮಿ ಬರುವುದು ನಿಂತಿತು. ಬದಲಿಗೆ ಫಾಸ್ಫೀನ್ ಅನಿಲವನ್ನು ಭಾರತ ಒಪ್ಪಿಕೊಂಡ ಮೇಲೆ ವ್ಯಾಪಾರ ಮತ್ತೆ ಕುದುರಿತು. ಕಾಳಿನ ಗೋದಾಮುಗಳಲ್ಲಿ ಹುಳಕ್ಕೆಂದು ಇಡುವ ಗುಳಿಗೆಯಿಂದ ಹೊಮ್ಮುವುದೂ ಅದೇ ಅನಿಲ.

ಒಂದೇ ಗಿರಾಕಿಯನ್ನು ನೆಚ್ಚಿದ ಎರಡೂ ದೇಶಗಳು ಈಗ ಇತ್ತ ನೋಡುತ್ತಿವೆ. 2025ರ ಆಗಸ್ಟ್‌ನಲ್ಲಿ ಕೆನಡಾದ ಹಲಗೆಯ ಮೇಲೆ ಅಮೆರಿಕದ ಸುಂಕ ಶೇ 35ಕ್ಕೆ ಏರಿತು. ಅಕ್ಟೋಬರ್‌ನಲ್ಲಿ ಅದರ ಮೇಲೆ ಇನ್ನೂ ಶೇ 10 ಬಿತ್ತು. ಬ್ರಿಟಿಷ್ ಕೊಲಂಬಿಯಾ ಸರ್ಕಾರದ ಸಂಸ್ಥೆಯೊಂದು ಮುಂಬೈನಲ್ಲಿ ಕಚೇರಿ ಇಟ್ಟುಕೊಂಡು ಹೆಮ್ಲಾಕ್, ಸ್ಪ್ರೂಸ್, ಡಗ್ಲಸ್ ಫರ್ ಮರಗಳನ್ನು ಭಾರತದ ಬಾಗಿಲು–ಪೀಠೋಪಕರಣ ತಯಾರಕರಿಗೆ ಪರಿಚಯಿಸುತ್ತಿದೆ.