ಈಲಿಯ ಮೇಲಂತಸ್ತಿನಲ್ಲಿ ಬಣ್ಣದ ಗಾಜಿನ ಪಾಠಶಾಲೆ

ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಈಲಿ ಎಂಬ ಪುಟ್ಟ ಊರು, ತನ್ನ ಗಾತ್ರಕ್ಕೆ ಮೀರಿದ ಒಂದು ಕೆಥೀಡ್ರಲ್‌ನಿಂದ, ಅಂದರೆ ಬಿಷಪ್ಪರ ಪೀಠವಿರುವ ಪ್ರಧಾನ ಇಗರ್ಜಿಯಿಂದ, ಹೆಸರಾಗಿದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕಟ್ಟಲು ತೊಡಗಿದ ಈ ಇಗರ್ಜಿಯ ನಡುಗೋಪುರ 1322ರಲ್ಲಿ ಕುಸಿದುಬಿದ್ದಾಗ ಅದರ ಜಾಗದಲ್ಲಿ ಎದ್ದ ಎಂಟು ಮೂಲೆಯ ಗೋಪುರ ಮಧ್ಯಯುಗದ ಕಟ್ಟಡ ಸಾಹಸಗಳಲ್ಲಿ ಒಂದೆನಿಸಿಕೊಂಡಿದೆ. ಆ ಗೋಪುರದಷ್ಟೇ ನೋಡಬೇಕಾದ ಇನ್ನೊಂದು ಸಂಗತಿ ಇದೇ ಕಟ್ಟಡದಲ್ಲಿ ಕಲ್ಲಿನ ಸುರುಳಿ ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತದೆ. ಪಕ್ಕದ ಕಮಾನುಸಾಲಿನ ಮೇಲೆ, ನಡು ಸಭಾಂಗಣದ ಉದ್ದಕ್ಕೂ ಸಾಗುವ ಮೊಗಸಾಲೆಯಂಥ ಅಂತಸ್ತಿಗೆ ವಾಸ್ತುಶಾಸ್ತ್ರಜ್ಞರು ಟ್ರೈಫೋರಿಯಂ ಎನ್ನುತ್ತಾರೆ. ಈಲಿಯ ದಕ್ಷಿಣ ಟ್ರೈಫೋರಿಯಂನಲ್ಲಿರುವ ಸ್ಟೇನ್ಡ್ ಗ್ಲಾಸ್ ಮ್ಯೂಸಿಯಂ, ಬ್ರಿಟನ್ನಿನಲ್ಲಿ ಬಣ್ಣದ ಗಾಜಿನ ಕಿಟಕಿಗಳಿಗೆಂದೇ ಮೀಸಲಾದ ಏಕೈಕ ವಸ್ತುಸಂಗ್ರಹಾಲಯ.

ಈ ಸಂಸ್ಥೆ ಹುಟ್ಟಿದ್ದು ಸಂಗ್ರಹದ ಹವ್ಯಾಸದಿಂದಲ್ಲ, ನಷ್ಟದ ಭಯದಿಂದ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಇಂಗ್ಲೆಂಡಿನಲ್ಲಿ ಆರಾಧಕರ ಸಂಖ್ಯೆ ಇಳಿಯುತ್ತ ಹೋಗಿ, ಬಳಕೆ ತಪ್ಪಿದ ಇಗರ್ಜಿಗಳನ್ನು ಮುಚ್ಚುವ ಮತ್ತು ವಿಲೇವಾರಿ ಮಾಡುವ ವಿಧಾನವನ್ನು 1968ರ ಒಂದು ಶಾಸನ ನಿಗದಿಪಡಿಸಿದ ಮೇಲೆ, ಕೆಡವಲಾಗುವ ಅಥವಾ ಮನೆ, ಗೋದಾಮುಗಳಾಗಿ ಮಾರ್ಪಡುವ ಕಟ್ಟಡಗಳ ಕಿಟಕಿಗಳ ಗತಿಯೇನೆಂಬ ಪ್ರಶ್ನೆ ಎದ್ದಿತು. ಆ ಕಿಟಕಿಗಳಲ್ಲಿ ಬಹುಪಾಲು ವಿಕ್ಟೋರಿಯಾ ರಾಣಿಯ ಕಾಲದವು, ಆ ಕಾಲದ ಕಲೆಗೋ ವಿದ್ವಾಂಸರಲ್ಲೂ ಆಗ ಬೆಲೆಯಿರಲಿಲ್ಲ. ಇಂಥ ಗಾಜನ್ನು ಉಳಿಸಿಕೊಳ್ಳಲು 1972ರಲ್ಲಿ ಸ್ಥಾಪನೆಯಾದ ಸಂಗ್ರಹಾಲಯ 1979ರಲ್ಲಿ ಉತ್ತರದ ಟ್ರೈಫೋರಿಯಂನಲ್ಲಿ ಸಾರ್ವಜನಿಕರಿಗೆ ತೆರೆದು, 2000ದಲ್ಲಿ ಈಗಿನ ಜಾಗಕ್ಕೆ ಬಂದಿತು.

ಈಲಿಗಿಂತ ತಕ್ಕ ಊರು ಇದಕ್ಕೆ ಸಿಗುತ್ತಿರಲಿಲ್ಲ, ಏಕೆಂದರೆ ಗಾಜನ್ನು ಕಳೆದುಕೊಳ್ಳುವುದೆಂದರೇನೆಂದು ಈ ಇಗರ್ಜಿಗೇ ಗೊತ್ತು. ಧರ್ಮಸುಧಾರಣೆಯ ಕಾಲದಲ್ಲಿ, ವಿಗ್ರಹ ಮತ್ತು ಚಿತ್ರಗಳು ಮೂಢಭಕ್ತಿಗೆ ಎಡೆಮಾಡುತ್ತವೆಂಬ ನಂಬಿಕೆಯಿಂದ, ಇಲ್ಲಿನ ಮೇರಿ ಮಾತೆಯ ಪ್ರಾರ್ಥನಾಮಂದಿರದ ನೂರಾರು ಶಿಲ್ಪಗಳ ತಲೆಗಳನ್ನು ಒಡೆದುಹಾಕಲಾಯಿತು, ಮಧ್ಯಯುಗದ ಬಣ್ಣದ ಗಾಜೂ ಬಹುತೇಕ ನಾಶವಾಯಿತು. ಈಗ ಆ ಮಂದಿರದೊಳಗೆ ಬೀಳುವ ಬಿಳಿ ಬೆಳಕು ಸುಂದರವಾಗಿದೆಯಾದರೂ ಅದನ್ನು ಕಟ್ಟಿದವರು ಬಯಸಿದ ಬೆಳಕು ಅದಲ್ಲ. ಕೆಥೀಡ್ರಲ್‌ನ ಉಳಿದ ಭಾಗದಲ್ಲಿ ಇಂದು ಕಾಣುವ ಬಣ್ಣದ ಕಿಟಕಿಗಳಲ್ಲಿ ಹೆಚ್ಚಿನವು 1840ರ ದಶಕದಿಂದಾಚೆಗೆ ಹೊಸದಾಗಿ ಕೂರಿಸಿದವು.

ಸಂಗ್ರಹಾಲಯದಲ್ಲಿ ಹದಿಮೂರನೆಯ ಶತಮಾನದಿಂದ ಇಂದಿನವರೆಗಿನ ನೂರಕ್ಕೂ ಹೆಚ್ಚು ಫಲಕಗಳನ್ನು ಹಿಂಬದಿಯಿಂದ ದೀಪ ಬೆಳಗಿಸಿ ಕಣ್ಣಳತೆಯಲ್ಲಿ ಇಡಲಾಗಿದೆ. ಇಗರ್ಜಿಯಲ್ಲಿ ಹತ್ತಾರು ಅಡಿ ಎತ್ತರದಲ್ಲಿ ಬಣ್ಣದ ಒಟ್ಟಂದವಾಗಿ ಮಾತ್ರ ತೋರುವ ಕಿಟಕಿ ಇಲ್ಲಿ ಮೊಳದೂರದಲ್ಲಿ ನಿಂತಾಗ, ಅದು ಎಷ್ಟು ಬಗೆಯ ಕೆಲಸಗಳ ಕೂಡಿಕೆಯೆಂಬುದು ತಿಳಿಯುತ್ತದೆ. ಹಳೆಯ ಕಿಟಕಿಗಳಲ್ಲಿ ಬಣ್ಣ ಇರುವುದು ಗಾಜಿನ ಮೇಲಲ್ಲ, ಗಾಜಿನ ಒಳಗೆ: ಕುಲುಮೆಯಲ್ಲಿ ಗಾಜು ಕರಗಿರುವಾಗಲೇ ಕೋಬಾಲ್ಟ್ ಸೇರಿಸಿದರೆ ನೀಲಿ, ಮ್ಯಾಂಗನೀಸ್ ಸೇರಿಸಿದರೆ ನೇರಳೆ, ತಾಮ್ರದಿಂದ ಕುಲುಮೆಯ ಹದಕ್ಕೆ ತಕ್ಕಂತೆ ಹಸಿರು ಅಥವಾ ಕೆಂಪು ಬರುತ್ತದೆ. ಕೆಂಪು ಮಾತ್ರ ಎಷ್ಟು ಗಾಢವೆಂದರೆ ಇಡೀ ಹಾಳೆಯನ್ನು ಅದರಿಂದಲೇ ಮಾಡಿದರೆ ಬೆಳಕು ದಾಟುವುದಿಲ್ಲ. ಆದ್ದರಿಂದ ಬಣ್ಣವಿಲ್ಲದ ಗಾಜಿನ ಮೇಲೆ ಕೆಂಪಿನ ತೆಳುಪದರ ಹೊದಿಸುತ್ತಿದ್ದರು, ಆ ಪದರವನ್ನು ಅಲ್ಲಲ್ಲಿ ಕೆರೆದು ಬಿಳಿಯ ವಿನ್ಯಾಸ ತೆಗೆಯುವ ಜಾಣ್ಮೆಯೂ ಮುಂದೆ ಬೆಳೆಯಿತು. ಮುಖ, ಕೈ, ಬಟ್ಟೆಯ ನಿರಿಗೆಗಳನ್ನು ಬರೆಯುತ್ತಿದ್ದುದು ಲೋಹದ ಆಕ್ಸೈಡ್ ಮತ್ತು ಗಾಜಿನ ಪುಡಿ ಕಲಸಿದ ಕಂದುಗಪ್ಪು ಬಣ್ಣದಿಂದ, ಅದನ್ನು ಗೂಡಿನಲ್ಲಿ ಸುಟ್ಟು ಗಾಜಿಗೆ ಬೆಸೆಯುತ್ತಿದ್ದರು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬೆಳ್ಳಿಯ ಲೇಪ ಬಳಕೆಗೆ ಬಂತು. ಬೆಳ್ಳಿಯ ಸಂಯುಕ್ತವನ್ನು ಗಾಜಿನ ಹಿಂಬದಿಗೆ ಹಚ್ಚಿ ಸುಟ್ಟರೆ ಅದು ಗಾಜಿನೊಳಕ್ಕೆ ಇಳಿದು ನಿಂಬೆಹಳದಿಯಿಂದ ಕಡುಹೊಂಬಣ್ಣದವರೆಗಿನ ಛಾಯೆ ಕೊಡುತ್ತದೆ, ಹೀಗಾಗಿ ಬಿಳಿ ಮುಖ ಮತ್ತು ಹೊನ್ನಿನ ಕೂದಲನ್ನು ಒಂದೇ ತುಂಡಿನಲ್ಲಿ ಬರೆಯುವುದು ಮೊದಲ ಬಾರಿಗೆ ಸಾಧ್ಯವಾಯಿತು.

ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ವಿದ್ಯೆ ದಾರಿ ಬದಲಿಸಿತ್ತು. ಸಂಗ್ರಹಾಲಯದಲ್ಲಿರುವ ಮೂರನೆಯ ಜಾರ್ಜ್ ದೊರೆಯ ಭಾವಚಿತ್ರ, ಜೋಶುವಾ ರೆನಾಲ್ಡ್ಸ್‌ನ ತೈಲಚಿತ್ರವನ್ನು ನೋಡಿ ಜೇಮ್ಸ್ ಪಿಯರ್ಸನ್ 1793ರಲ್ಲಿ ಮಾಡಿದ್ದು. ಕ್ಯಾನ್ವಾಸಿನ ಮೇಲೆ ಬರೆದಂತೆ ಬಿಳಿ ಗಾಜಿನ ಮೇಲೆ ಎನಾಮೆಲ್ ಬಣ್ಣಗಳಿಂದ ಬರೆದ ಈ ಚಿತ್ರದ ಕೈಚಳಕ ದೊಡ್ಡದೇ, ಆದರೆ ಅದರ ಪಕ್ಕದ ಮಧ್ಯಯುಗದ ಒಂದು ಒರಟು ತುಂಡಿನ ಹೊಳಪು ಅದಕ್ಕಿಲ್ಲ. ಆ ಹೊಳಪಿನ ಕಾರಣ ಹುಡುಕಿದವನು ಚಾರ್ಲ್ಸ್ ವಿನ್‌ಸ್ಟನ್ ಎಂಬ ವಕೀಲ. ಹಳೆಯ ಗಾಜಿನ ಶೈಲಿಗಳನ್ನು ಕುರಿತು 1847ರಲ್ಲಿ ಗ್ರಂಥ ಪ್ರಕಟಿಸಿದ ಅವನು ಆಮೇಲೆ ಮಧ್ಯಯುಗದ ಗಾಜಿನ ರಾಸಾಯನಿಕ ವಿಶ್ಲೇಷಣೆ ಮಾಡಿಸಿ, ಲಂಡನ್ನಿನ ಪೊವೆಲ್ ಕಾರ್ಖಾನೆಯವರು ಅದೇ ಗುಣದ ಗಾಜನ್ನು ಮತ್ತೆ ತಯಾರಿಸಲು ಕಾರಣನಾದ. ವಿಲಿಯಂ ಮಾರಿಸ್ ಮತ್ತು ಗೆಳೆಯರು 1861ರಲ್ಲಿ ಕಟ್ಟಿದ ಸಂಸ್ಥೆಯ ಹೆಸರಾಂತ ಕಿಟಕಿಗಳ ಹಿಂದೆ ಹೀಗೆ ಮರಳಿ ದಕ್ಕಿದ ಗಾಜಿದೆ.

ಈ ಚರಿತ್ರೆಯನ್ನು ಫಲಕಗಳ ಕೆಳಗಿನ ಚೀಟಿಗಳಿಗೆ ಬಿಟ್ಟುಬಿಡದೆ ಜನರ ಕೈಗೆ ದಾಟಿಸುವುದು ಈ ಸಂಗ್ರಹಾಲಯದ ಹೆಚ್ಚಿನ ಹಿರಿಮೆ. ಉಪನ್ಯಾಸಗಳು, ಶಾಲಾಮಕ್ಕಳ ಭೇಟಿಗಳು, ಬೇರೆ ಬೇರೆ ಪ್ರಾಂತಗಳ ಇಗರ್ಜಿಗಳಿಗೆ ತಜ್ಞರೊಡನೆ ಹೋಗಿಬರುವ ವಾರಾಂತ್ಯದ ಅಧ್ಯಯನ ಪ್ರವಾಸಗಳು ಅದರ ಕಾರ್ಯಕ್ರಮಗಳಲ್ಲಿವೆ. ಇವೆಲ್ಲಕ್ಕಿಂತ ಮುಖ್ಯವಾದವು ಅನುಭವವಿಲ್ಲದವರಿಗಾಗಿಯೇ ನಡೆಯುವ ಕಾರ್ಯಾಗಾರಗಳು. ಗಾಜಿನ ತುಂಡುಗಳನ್ನು ಗೂಡಿನಲ್ಲಿ ಒಂದಕ್ಕೊಂದು ಕರಗಿಸಿ ಕೂಡಿಸುವ ಫ್ಯೂಸಿಂಗ್ ವಿಧಾನವನ್ನೂ ಇಲ್ಲಿ ಕಲಿಸುತ್ತಾರೆ. ಇಗರ್ಜಿಯ ಕಿಟಕಿಗಳ ಪರಂಪರೆಗೆ ಸೇರದ ವಿಧಾನವಾದರೂ, ಸೀಸದಂಥ ವಿಷಲೋಹದ ಗೊಡವೆಯಿಲ್ಲದ್ದರಿಂದ ಮಕ್ಕಳಿಗೂ ಹೊಸಬರಿಗೂ ಗಾಜಿನ ಸ್ನೇಹ ಬೆಳೆಯಲು ಅದು ಒಳ್ಳೆಯ ಮೊದಲ ಮೆಟ್ಟಿಲು.

ನಿಜವಾದ ತಿಳಿವಳಿಕೆ ಬರುವುದು ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸುವ ಕೆಲಸದಲ್ಲಿ. ಮೊದಲು ಪೂರ್ಣ ಅಳತೆಯ ನಕ್ಷೆ ಬರೆದು ಅದರ ಮೇಲೆ ಗಾಜಿಟ್ಟು ಕತ್ತರಿಸಬೇಕು. ಗಾಜು ಕತ್ತರಿಸುವುದೆಂದರೆ ಮೇಲ್ಮೈಯಲ್ಲಿ ಒಂದೇ ಎಳೆತದಲ್ಲಿ ಗೀರು ಹಾಕಿ ಅದರ ಗುಂಟ ಮುರಿಯುವುದು, ಮತ್ತು ಹೊರಬಾಗಿನ ಅಂಚು ಸುಲಭವಾಗಿ ಬಂದರೂ ಒಳಬಾಗಿನ ಅಂಚು ಹಟಮಾರಿ, ಬಿರುಕು ಗೀರು ಬಿಟ್ಟು ಓಡಿಬಿಡುತ್ತದೆ. ಇಷ್ಟನ್ನು ಒಮ್ಮೆ ಮಾಡಿದವರಿಗೆ, ಹಳೆಯ ಕಿಟಕಿಗಳ ಸೀಸದ ಗೆರೆಗಳು ಅಲ್ಲಲ್ಲೇ ಏಕೆ ಹಾದಿವೆಯೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಎರಡೂ ಬದಿಗೆ ತೋಡಿರುವ ಸೀಸದ ಪಟ್ಟಿಯೊಳಗೆ ಗಾಜನ್ನು ಕೂರಿಸಿ, ಪಟ್ಟಿಗಳು ಸೇರುವಲ್ಲೆಲ್ಲ ಬೆಸುಗೆ ಹಾಕಿ, ಕೊನೆಗೆ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಮೆತ್ತೆಯನ್ನು ಸಂದುಗಳಿಗೆ ಉಜ್ಜಿ ತುಂಬಿದಾಗ ಫಲಕ ಗಟ್ಟಿಯಾಗುತ್ತದೆ, ಮಳೆನೀರನ್ನೂ ತಡೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಥಿಯೋಫಿಲಸ್ ಎಂಬ ಸನ್ಯಾಸಿ ತನ್ನ ಕೈಪಿಡಿಯಲ್ಲಿ ಬರೆದಿಟ್ಟ ಕ್ರಮದ ತಿರುಳು ಇದೇ.

ಈ ಪಾಠಗಳ ಅಗತ್ಯ ದಿನದಿನಕ್ಕೆ ಹೆಚ್ಚುತ್ತಿದೆ. ಅಳಿವಿನ ಅಂಚಿನ ಕರಕುಶಲಗಳ ಪಟ್ಟಿ ಪ್ರಕಟಿಸುವ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ 2023ರಲ್ಲಿ ಪಾರಂಪರಿಕ ಬಣ್ಣದ ಗಾಜಿನ ಕಿಟಕಿ ತಯಾರಿಕೆಯನ್ನೂ ಅದಕ್ಕೆ ಸೇರಿಸಿತು; ಬಾಯಿಂದ ಊದಿ ಗಾಜಿನ ಹಾಳೆ ಮಾಡುವ ಕಸುಬು ಬ್ರಿಟನ್ನಿನಲ್ಲಿ ನಿಂತೇಹೋಗಿದೆಯೆಂದೂ ಅದೇ ವರ್ಷ ಘೋಷಿಸಿತು. ಅದೇ 2023ರಲ್ಲಿ ಫ್ರಾನ್ಸ್, ಜರ್ಮನಿ ಮೊದಲಾದ ಆರು ದೇಶಗಳ ಕೈಗಾಜಿನ ಜ್ಞಾನವನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ದಿನದ ಶಿಬಿರ ಯಾರನ್ನೂ ಕುಶಲಕರ್ಮಿಯಾಗಿಸುವುದಿಲ್ಲ. ಆದರೆ ಸೀಸದ ಕಟ್ಟು ಸುಮಾರು ಒಂದು ಶತಮಾನದ ಬಳಿಕ ದಣಿಯುತ್ತದೆಂದೂ, ಆಗ ಕಿಟಕಿಯನ್ನು ಬಿಚ್ಚಿ ಮರುಕಟ್ಟಲು ಪಳಗಿದ ಕೈಗಳೇ ಬೇಕೆಂದೂ ಅರಿತವರು ಊರೂರಿನ ಇಗರ್ಜಿ ಮಂಡಳಿಗಳಲ್ಲಿದ್ದರೆ, ಮುಂದಿನ ಸಂಗ್ರಹಾಲಯಕ್ಕೆ ಹೋಗಬೇಕಾದ ಕಿಟಕಿಗಳ ಸಂಖ್ಯೆ ಖಂಡಿತ ಇಳಿಯುತ್ತದೆ. ಕಿಟಕಿಗೆ ಅದರ ಸ್ವಂತ ಗೋಡೆಯೇ ಸರಿಯಾದ ಜಾಗ.

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನವಿಲುಗಳ ಗಾಜಿನ ಚಾವಣಿಯನ್ನು ತಲೆಯೆತ್ತಿ ನೋಡಿದ ಕನ್ನಡಿಗರಿಗೆ ಈಲಿಯ ಪಾಠಗಳು ಬೇಗ ಹತ್ತಿರವಾದಾವು. ಕೇಂಬ್ರಿಡ್ಜಿನಿಂದ ಈಲಿಗೆ ರೈಲಿನಲ್ಲಿ ಕಾಲುಗಂಟೆಯ ಹಾದಿ. ಕಾರ್ಯಾಗಾರಗಳಿಗೆ ಜಾಗ ಮಿತವಾದ್ದರಿಂದ ಮೊದಲೇ ಕಾದಿರಿಸಬೇಕು, ಮಂಡಿನೋವಿನವರು ಸುರುಳಿ ಮೆಟ್ಟಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಮತ್ತು ಸಾಧ್ಯವಾದರೆ ಬಿಸಿಲಿನ ದಿನವನ್ನೇ ಆರಿಸಿಕೊಂಡು ಸಂಗ್ರಹಾಲಯ ನೋಡಿದ ಮೇಲೆ ಕೆಳಗಿಳಿದು ಇಗರ್ಜಿಯ ಕಿಟಕಿಗಳನ್ನೂ ಬಿಡುವಾಗಿ ನೋಡಬೇಕು.